ಮೊರದಾಗ ಕೊಂಡ ಕೂಸು

ಅದಕ್ಕ ಅಂತೀನಿ, ಎದಿ ಮ್ಯಾಲಿನ ಆ ಗೆರಿ ಮುಚ್ಚಕೋಬ್ಯಾಡ ರೇಣು, ಅದರಾಗ ನಾಚಕೊಳ್ಳೋದೇನೈತಿ, ಸಾಲ್ಯಾಗ ಯಾರರ ಏನರ ಅಂದ್ರ ನಮ್ಮವ್ವನ್ನ ಕರಕೊಂಡ ಬರ್ತೀನಿ ಅನ್ನು, ಅವರ ಬಾಯಿ ನಾ ಮುಚ್ಚಸ್ತೀನಿ. ಯಾವ ಅವ್ವ ಅಂತ ಕೇಳ್ತಾರಂತ? ಕೇಳಲಿ. ಇವತ್ತ ಹೇಳೇಬಿಡ್ತೀನಿ. ಭಾಗ್ಯಾ, ನೀನೂ ಕೂಡು, ನನ್ನ ಹೊಟ್ಟ್ಯಾಗ ಹುಟ್ಟಲಾರದ ನಿನ್ನ ಅಕ್ಕನ ಮಾತಿದು. ರೇಣು, ನಿನ್ನ ಹಡದಾಕಿ ಮಾಳವ್ವ, ನಮ್ಮ ಬಗಲ ಮನಿಯಾಕಿ, ನನ್ನ ಗೆಳತಿ. ನಿನಗ ಎರಡ ವರ್ಷ ಇದ್ದಾಗ ಕಾಮಣಿ ಆಗಿ, ಮೈಕಣ್ಣೆಲ್ಲಾ ಹಳದಿ ಆಗಿ ಹೋದ್ಳು. ಅಲ್ಲ, ಎರಡೂವರಿ, ನೀ ಆಗ ಮಾತಾಡಾಕತ್ತಿದ್ದಿ. ನಿಮ್ಮಪ್ಪ ಬೀರಣ್ಣ ಕುರಿ ಹಿಂದ ಅಡ್ಯಾಡಾಂವ, ನಿಮ್ಮಜ್ಜಿಗೆ ಕಣ್ಣ ಕಾಣಂಗಿಲ್ಲ, ಹಂಗಾಗಿ ನೀ ಹಗಲೆಲ್ಲಾ ನನ್ನ ಮನ್ಯಾಗ. ಮಧ್ಯಾಹ್ನ ಚಾಪಿ ಹಾಸಿದ್ರ ಒಂದ ಅಂಚಿಗೆ ಮಲಗತಿದ್ದಿ, ಅರ್ಧಾ ಜಾಗಾ ಬಿಟ್ಟು. ಯಾಕ ಅಂದ್ರ, ಅವ್ವಗ, ಅಂತಿದ್ದಿ. ಒಂದ ಸಲ ಆ ಖಾಲಿ ಜಾಗಾದ ಮ್ಯಾಲ ನಾ ಕೈ ಇಟ್ನಿ. ಸುಳ್ಳ್ಯಾಕ ಹೇಳ್ಲಿ, ಬೆಚ್ಚಗಿತ್ತು. ಬ್ಯಾಸಗಿ ದಿನಾ, ತಗಡಿನ ಮನಿ, ಬೆಚ್ಚಗ ಇರಲಾರದ ಮತ್ತೇನ ಅಂತ ನನಗ ನಾನ ಹೇಳಕೊಂಡ್ನಿ.

ನಿನಗ ನಾಲ್ಕ ವರ್ಷಾದ ಮ್ಯಾಲ ನಾಲ್ಕ ಹೆಜ್ಜಿ ಓಡಿದ್ರ ನಿನ್ನ ತುಟಿ ನೀಲಿ ಆಗತಿದ್ವು. ಅಥಣಿ ಡಾಕ್ಟರು ಹೃದಯದಾಗ ತೂತ ಐತಿ, ಮಿರಜಿಗೆ ಒಯ್ರಿ, ಎದಿ ಕೊಯ್ದು ಮುಚ್ಚಬೇಕು ಅಂದ್ರು. ತೋಳಾ ಬಂದ್ರ ಬಡಗಿ ಹಿಡದ ನಿಲ್ಲೋ ನಿಮ್ಮಪ್ಪ, ಆ ಕಾಗದಾ ಹಿಡಕೊಂಡು ಇದ ಕಟ್ಟಿ ಮ್ಯಾಲ ಕುಂತು ನಡಗಾಕತ್ತಿದ್ದ. ಕೂಸುಗಳ ವಾರ್ಡಿನ್ಯಾಗ ಹೆಣ್ಮಕ್ಕಳಿಗೆ ಅಷ್ಟ ಇರಾಕ ಬಿಡ್ತಾರಂತ. ತಂಗೆವ್ವ ನೀ ಬರ್ತಿಯೇನ ಅಂದ. ಬರದ ಏನ ಮಾಡ್ಲಿ? ಭಾಗ್ಯಾನ್ನ ನಮ್ಮತ್ತಿ ಕೈಯಾಗ ಕೊಟ್ನಿ. ಆದ್ರ ಹೊಂಡೋ ಮುಂಜಾನೆ ನಿಮ್ಮಜ್ಜಿ ಬಾಗಲಕ್ಕ ಅಡ್ಡ ಕುಂತ್ಳು. ಮಾಳವ್ವ ಕೂಸಿನ್ನ ಕರಿಯಾಕತ್ತಾಳ, ಸತ್ತವರಿಗೆ ಪ್ರೀತಿ ಹೆಚ್ಚು, ಬುದ್ಧಿ ಕಡಿಮಿ, ಮೊದಲ ಕೂಸಿನ್ನ ಮಾರ್ರಿ, ಆಮ್ಯಾಲ ಒಯ್ರಿ ಅಂದ್ಳು. ಮಾರೂದಂದ್ರ ಖರೇನ ಮಾರೂದಲ್ಲ. ಉಳಿಯೋ ಭರವಸಿ ಇಲ್ಲದ ಕೂಸಿನ್ನ ಮೊರದಾಗ ನಿಂದರಸ್ತಾರ, ಹೊಸ್ತಿಲ ಹೊರಗಿನಾಕಿ ಒಂದ ಮುಟಿಗಿ ತವಡ ಕೊಟ್ಟು ಎತಗೊಂಡು ಹೊಳ್ಳಿ ನೋಡದ ಹೋಗತಾಳ. ಅಲ್ಲಿಂದ ಹಡದವರು ಅದನ್ನ ನನ್ನ ಕೂಸು ಅನ್ನಂಗಿಲ್ಲ. ಸಾವು ಬಂದು ಬೀರಣ್ಣನ ಮಗಳೆಲ್ಲಿ ಅಂದ್ರ, ಬೀರಣ್ಣಗ ಮಗಳ ಇಲ್ಲ. ಆರಾಮಾದ ಮ್ಯಾಲ ತವಡ ಹೊಳ್ಳಿ ಕೊಟ್ಟು ಬಿಡಸ್ಕೊಂಡು ಹೋಗೂದು. ನಾ ಹತ್ತನೆತ್ತೆ ತನಾ ಸಾಲಿ ಕಲತಾಕಿ, ಇದೆಲ್ಲಾ ಹುಚ್ಚರ ಸಂತಿ ಅಂದ್ನಿ. ಅಂದು, ತವಡ ಕೊಟ್ನಿ.

ಮಿರಜಿನ್ಯಾಗ ನರ್ಸಬಾಯಿ ಕಾಗದಾ ನೋಡಿ, ಆಯಿ ನಾಹೀ, ಅವ್ವ ಇಲ್ಲ ಅಂತ ಬರದೈತಿ, ಮತ್ತ ನೀ ಯಾರು ಅಂದ್ಳು. ನಾ ಬಾಯಿ ತಪ್ಪಿ, ಕೊಂಡಾಕಿ ಅಂದ್ನಿ. ಆಕಿ ಮಾರಿ ನೋಡಬೇಕಿತ್ತು, ಪೋಲೀಸರಿಗೆ ಫೋನ ಹಚ್ಚಾಕ ಹೊಂಟ್ಳು. ಗೇಟಿನ್ಯಾಗ ನಿಂತ ನಿಮ್ಮಪ್ಪನ್ನ ಕರಸಿ, ಇಕಿ ನಿನ್ನ ಮಗಳೇನು ಅಂತ ಕೇಳಿದ್ರ ಆ ಪುಣ್ಯಾತ್ಮ ನೆಲಾ ನೋಡಕೋತ ಸುಮ್ಮ ನಿಂತ. ಹೂಂ ಅಂದ್ರ ಸಾವಿಗೆ ಕೇಳ್ತೈತಿ, ಅಲ್ಲ ಅಂದ್ರ ಪೋಲೀಸರು. ಕಡೀಕ ಆಧಾರ್ ಕಾರ್ಡು ಮಾತಾಡ್ತು. ಆಮ್ಯಾಲ ದಿನಾ ಕೆಳಗ ಬೇವಿನ ಗಿಡದ ಬುಡಕ ಕುಂತು ಫೋನ ಮಾಡತಿದ್ದ. ತಂಗೆವ್ವ, ನಿನ್ನ ಮಗಳು ಉಂಡಳೇನು? ನಿನ್ನ ಮಗಳು ಕಣ್ಣ ತಗದಳೇನು?

ಆಪರೇಶನ್ ಆತು, ಎರಡ ದಿನಾ ಐಸಿಯು ಅಂತ ಕಾಜಿನ ಖೋಲ್ಯಾಗ ಇಟ್ರು, ಆಮ್ಯಾಲ ವಾರ್ಡಿಗೆ ತಂದ್ರು. ನಾಲ್ಕನೇ ದಿನಾ ಮಧ್ಯಾಹ್ನ, ಎಲ್ಲಾರೂ ಉಂಡು ತೂಕಡಸಾಕತ್ತಿದ್ರು. ತಲಿ ತುಂಬ ಸೆರಗ ಹೊತಗೊಂಡು ಒಬ್ಬಾಕಿ ಬಂದ್ಳು. ಮೊದಲನೇ ಕಾಟಿನಿಂದ ಒಂದೊಂದ ಕೂಸಿನ್ನ ನೋಡಕೋತ ಬಂದ್ಳು, ಯಾವ ಕೂಸಿಗೂ ಕೈ ಹಚ್ಚಲಿಲ್ಲ. ನಿನ್ನ ಹಂತೇಕ ಬಂದು ನಿನ್ನ ಕಿವಿ ಹಾಲಿ ಎರಡ ಬೆರಳಿಲೆ ಹಿಡದು ನೋಡಿದ್ಳು. ಜ್ವರಾ ಎಲ್ಲಾರೂ ಹಣಿ ಮುಟ್ಟಿ ನೋಡತಾರ. ಕಿವಿ ಹಾಲಿ ಹಿಡದ ನೋಡಾಕಿ ನಾ ಕಂಡಂಗ ಒಬ್ಬಾಕಿನ, ನಿನ್ನ ಹಡದಾಕಿ. ವಾರ್ಡಿನ ತುಂಬ ಮರಾಠಿ, ಆಕಿ ಕೇಳಿದ್ದು ನಮ್ಮ ಊರಿನ, ತೆಲಸಂಗದ ಕನ್ನಡದಾಗ.

"ಯಾರ ಕೂಸಿದು?"

"ನಂದು."

"ಯಾರ ಕೂಸು?"

"ನಂದ ಅಂದ್ನೆಲ್ಲಾ."

"ನಿಂದಾದ್ರ ನೀನ ಸಾಕಬೇಕು, ನೋಡು."

ಮಾರಿ ಎತ್ತಿ ನೋಡೂ ಧೈರ್ಯ ಆಗಲಿಲ್ಲ. ನಾ, ಈ ಓಣ್ಯಾಗ ಯಾರ ಬಾಯಿಗೂ ಸಿಗದಾಕಿ. ಎತ್ತೂದ್ರಾಗ ಆಕಿ ಇರಲಿಲ್ಲ. ಯಾರದರ ಕಡೆಯಾಕಿ ಇದ್ದಾಳು ಅಂದ್ಳು ನರ್ಸಬಾಯಿ. ಇದ್ದಾಳು. ಆದ್ರ ಅವತ್ತ ನೀ ಕಾಟಿನ ನಡುವ ಮಲಗಿದಿ, ಕೈಕಾಲ ಚಾಚಿ, ಯಾರಿಗೂ ಜಾಗಾ ಬಿಡಲಾರದ. ನಾ ಶೌಚಾಲಯದಾಗ ಹೋಗಿ ಬಾಯಾಗ ಸೆರಗ ತುರಕೊಂಡು ಅತ್ನಿ. ಗೆಳತಿಗೆ ಆಕಿ ಕೂಸಿನ್ನ ನಂದು ಅಂತ ಹೇಳಿ ಕಳಿಸಿದ್ನೆಲ್ಲಾ.

ಊರಿಗೆ ಬಂದಮ್ಯಾಲ ನಿನ್ನ ರಟ್ಟಿ ಹಿಡದು ಎತ್ತಂಗಿದ್ದಿಲ್ಲ, ಎದಿ ಎಲಬು ಇನ್ನಾ ಕೂಡಿರಲಿಲ್ಲ. ಕುಂಡಿಗೊಂದು ಬೆನ್ನಿಗೊಂದು ಕೈ ಕೊಟ್ಟ ಎತ್ತಬೇಕು. ನೋಡಾಕ ಬಂದವರೆಲ್ಲಾ ಅಯ್ಯ ಕೂಸ ಅಂತ ರಟ್ಟಿಗೆ ಕೈ ಹಾಕಾವರು, ನಾ ಕಸಬರಿಗಿ ಹಿಡಕೊಂಡ ಬಾಗಲದಾಗ ಕೂಡಾಕಿ. ಮೂರ ತಿಂಗಳಿಗೆ ಡಾಕ್ಟರು ಇನ್ನ ಓಡ್ಯಾಡಲಿ ಅಂದ್ರು. ಅವತ್ತ ನಿಮ್ಮಪ್ಪ ಮುಟಿಗ್ಯಾಗ ತವಡ ಹಿಡಕೊಂಡ ಬಂದು ಹೊಸ್ತಿಲದಾಗ ನಿಂತ. ತಂಗೆವ್ವ, ನನ್ನ ಮಗಳನ್ನ ಕೊಡು ಅಂದ. ನನ್ನ ಕೈ ಮುಂದ ಬರಲಿಲ್ಲ. ಅಲ್ಲೀತನಾ ಊರಾಗ ಯಾರಿಗೂ ಹೇಳಿರಲಿಲ್ಲ, ಅವತ್ತ ವಾರ್ಡಿಗೆ ಬಂದಾಕಿ ಸುದ್ದಿ ಎಲ್ಲಾ ಹೇಳಿದ್ನಿ. ಹೊಳ್ಳಿ ಕೊಟ್ರ ಆಕಿ ಮತ್ತ ಬಂದ್ರ ಏನ ಹೇಳೂದು ಅಂದ್ನಿ. ಬೀರಣ್ಣ ಒಂದ ಮಾತ ಕೇಳಿದ. "ಹೆಂಗಿದ್ಳು?" ಮಾರಿ ನೋಡಲಿಲ್ಲಣ್ಣಾ ಅಂದ್ನಿ. ಮುಟಿಗಿ ಬಿಚ್ಚಿ ತವಡ ನಮ್ಮ ಕೋಳಿಗೆ ಚೆಲ್ಲಿದ. ಹಂಗಾದ್ರ ಇಲ್ಲೇ ಇರಲಿ, ನಾ ಮುಂಜಾನೆ ಸಂಜಿಕ ಬಂದ ನೋಡತೀನಿ ಅಂದ. ಇವತ್ತಿಗೂ ಹಾಲಿನ ಗಿಂಡಿ ಹಿಡಕೊಂಡ ಬರ್ತಾನ, ನೀನ ಓಡಿ ಹೋಗ್ತಿ. ಓಣ್ಯಾಗ ಅಂದಾವರು ಅಂದ್ರು, ಮಂದಿ ಕೂಸ ನುಂಗಿದ್ಳು ಅಂತ. ಅನ್ನಲಿ. ನಂದು ಅಂತ ಒಮ್ಮೆ ಬಾಯಿ ಬಿಟ್ಟಮ್ಯಾಲ ಎರಡೂ ಹೊತ್ತು ಅದರ ಪಾಲಿನ ರೊಟ್ಟಿ ಬಡೀಬೇಕವ್ವ, ಅಷ್ಟ. ಏಳ್ರಿ, ಕೈ ತೊಳಕೊಳ್ರಿ.