ಇಳಿದಾಗ ಒಂದು, ಹತ್ತಿದಾಗ ಎರಡು

ನಗಬೇಕು ಅನ್ನೋರು ಈಗ್ಲೇ ನಕ್ಕು ಮುಗಿಸ್ರಿ. ನಡುವ ಕಿಸಕ್ ಅಂದ್ರ ನಾನು ಎದ್ದು ಹೋಗಾಕಿ. ಇದು ನಮ್ಮ ಚಿಗವ್ವನ ಮಗಳು ರೇಖಾಗ ಆಗಿದ್ದು. ಅಕಿ ನನ್ನ ಮುಂದ ಕುಂತು, ನನ್ನ ಕೈ ಹಿಡ್ಕಂಡು ಹೇಳಿದ್ದು.

ಇಟ್ಟಿಗಿ ಊರ ಕಡಿ ಬರೋ ದಾರ್ಯಾಗ ಕರಿಬಾವಿ ಐತಲ್ಲ... ಒಣಗಿದ ಬಾವಿ. ಮೆಟ್ಲಿಲ್ಲ, ಹಗ್ಗಿಲ್ಲ, ಹನಿ ನೀರಿಲ್ಲ. ಹೋದ ಕಾರ್ತಿಕದಾಗ ಅಕಿ ಕೆಲಸ ಮಾಡೋ ಮಿಲ್ಲಿಂದ ಹೊರಡೋದು ತಡ ಆತು. ಕಡೀ ಬಸ್ಸು ಹೋಗಿಬಿಟ್ಟಿತ್ತು. ಒಬ್ಬಾಕಿನೇ ನಡ್ಕಂಡು ಬರ್ತಿದ್ಲು. ಗಾಳಿ ಇಲ್ಲ. ನಾಯಿ ಸದ್ದಿಲ್ಲ. ಬಾವಿ ಹತ್ರ ಬಂದ್ಲು ನೋಡ್ರಿ...

ಟಣ್.

ಕಬ್ಬಣದ ಸದ್ದು. ಬಾವಿ ಒಳಗಿಂದ. ಅದರ ಬೆನ್ನಿಗೇ ಸರ್ರ್ರ್... ಅಂತ, ಚೀಲದಾಗಿಂದ ಕಾಳು ಸುರುವಿದಂಗ. ಆಮ್ಯಾಲ ಸುಮ್ಮನ. ಮತ್ತ... ಟಣ್. ಒಂದ ಏಟು. ಅಷ್ಟ.

ಅಕಿಗೆ ಆ ಸದ್ದಿನ ಗುರ್ತಿತ್ತು. ಅದಕ್ಕ ಕಾಲು ಕಿತ್ತಿಡಾಕ ಆಗಲಿಲ್ಲ.

ತಡೀರಿ, ಮಿಲ್ಲಿನ ಸುದ್ದಿ ಹೇಳ್ದ ಇದು ತಿಳಿಯಂಗಿಲ್ಲ. ಮೆಕ್ಕಿಜೋಳದ ಮಿಲ್ಲು ಅದು. ಟ್ರ್ಯಾಕ್ಟರು ಕಾಳು ಸುರುವಾಕ ನೆಲದಾಗ ಆಳದ ಗುಂಡಿ ಐತಿ. ತಳದಾಗ ತಿರುಗೋ ಸ್ಕ್ರೂ, ಅದು ಕಾಳನ್ನ ಮ್ಯಾಲಕ್ಕ ಎಳಿತೈತಿ. ಹಸಿ ಕಾಳು ಹೆಪ್ಪುಗಟ್ಟಿದ್ರ ಒಬ್ಬ ಇಳಿದು ಒಡೀಬೇಕು. ಇಳಿಯೋ ಮುಂದ, ಅಲ್ಲಿ ನಿಲ್ಸಿದ ಕಬ್ಬಣದ ಪೈಪಿಗೆ ಒಂದು ಏಟು ಹೊಡೀತಾನ. 'ಒಳಗದೀನಿ, ಮೋಟ್ರು ಹಾಕಬ್ಯಾಡ್ರಿ' ಅಂತ ಅದರರ್ಥ. ಹತ್ತಿ ಬಂದ ಮ್ಯಾಲ ಎರಡು ಏಟು. ಅದ ಅಲ್ಲಿ ಕಾಯ್ದೆ, ಅದ ಅಲ್ಲಿ ಕಾವಲು. ಪಕ್ಕೀರಪ್ಪ ಅಂತ ಹಮಾಲಿ ಒಬ್ಬ ಒಂದು ಹೊಡೆದು ಇಳಿದ. ಅದನ್ನ ಕೇಳಿಸ್ಕಂಡಾತ ಚಾ ಕುಡಿಯಾಕ ಹೋದ. ಅವನ ಜಾಗಕ್ಕ ಬಂದಾತಗ ಏನು ಗೊತ್ತು? ಸ್ವಿಚ್ ಹಾಕಿದ... ಎರಡು ಏಟು ಯಾರೂ ಕೇಳಲೇ ಇಲ್ಲ.

ಮಾಲಕ ಗುರುಸಂಗಪ್ಪ ಕೆಟ್ಟವನಲ್ಲ. ಅತ್ತ. ಮಣ್ಣಿಗೆ ಬಂದ. ಶಾಂತಿ ಮಾಡಿಸಿದ. ಆ ಪೈಪು ಕೀಳಿಸಿ ಕರಿಬಾವಿಗೆ ಒಗಿಸಿದ. ಅಮಾಸಿಗೊಮ್ಮೆ ಗುಂಡಿ ಮುಂದ ಬೂದುಗುಂಬಳ ಒಡಿಸ್ತಾನ, ನಿಂಬೆಹಣ್ಣು ಕಟ್ಟಿಸ್ತಾನ. ಆಮ್ಯಾಲ ಏನು ಮಾಡ್ದ? ಅದೇ ಗುಂಡಿಗೆ ಹೊಸಾ ಪೈಪು ನಿಲ್ಸಿದ! ದೆವ್ವಕ್ಕ ದಿಗ್ಬಂಧನ ಆತು, ಮೋಟ್ರಿಗೆ ಮಾತ್ರ ಯಾವ ಬಂಧನಾನೂ ಇಲ್ಲ. ಹೆಂಗೈತಿ ಬುದ್ಧಿ?

ರೇಖಾ ಅಲ್ಲಿ ಸೇಫ್ಟಿ ಆಫೀಸರ್. ವರ್ಷಕ್ಕೊಮ್ಮೆ ಮಿಲ್ಲೆಲ್ಲಾ ತಿರುಗಿ, ಎಲ್ಲಿ ಏನು ಅಪಾಯ ಆಗಬಹುದು, ಆದ್ರ ಎಷ್ಟು ದೊಡ್ಡದು, ತಡಿಯಾಕ ಏನು ಮಾಡೀರಿ ಅಂತ ಅಳೆದು ಬಣ್ಣ ಕೊಡಬೇಕು. ಹಸಿರಾದ್ರ ಚಿಂತಿಲ್ಲ. ಹಳದಿಯಾದ್ರ ಆಮ್ಯಾಲ ನೋಡಿದ್ರಾತು. ಕೆಂಪಾದ್ರ, ಅಪಾಯ ತಡಿಯೋ ತನಕ ಕೆಲಸ ನಿಂತಂಗ. ಅವತ್ತು ಗುಂಡಿ ಮುಂದ ಅದ ಜಗಳ. ಶಾಂತಿ ಮಾಡಿಸಿದ ಮ್ಯಾಲ ಒಬ್ಬರಿಗೂ ಏನೂ ಆಗಿಲ್ಲ, ಹಸಿರು ಕೊಡವ್ವ ಅಂದ ಮಾಲಕ. ಮರುದಿನ ದೊಡ್ಡ ಗಿರಾಕಿ ಮಿಲ್ಲು ನೋಡಾಕ ಬರೋರಿದ್ರು. ಅಷ್ಟರಾಗ ಪ್ರಬುದ್ಧ ಗುಂಡಿಗಿಳಿದು ಹೆಪ್ಪು ಒಡೀಬೇಕು. ಪ್ರಬುದ್ಧ ಯಾರಂತೀರಿ? ಪಕ್ಕೀರಪ್ಪನ ಒಡಹುಟ್ಟಿದ ತಮ್ಮ. ಕೆಂಪು ಕೊಟ್ರ ನೀನು ಬ್ಯಾರೆ ಕಡಿ ಕೆಲಸ ಹುಡ್ಕೋಬೇಕಾಗ್ತತಿ ಅಂತಾನೂ ಮಾಲಕ ಅಂದ್ನಂತ. ಅಕಿ ಪಗಾರದ ಮ್ಯಾಲ ಇಡೀ ಮನಿ ನಿಂತೈತಿ. ಸುಳ್ಳ್ಯಾಕ ಹೇಳ್ಲಿ, ಅಕಿ ಮೆತ್ತಗಾಗಿದ್ಲು. ಹಳದಿ ಕೊಟ್ಟು ಕೈ ತೊಳ್ಕಂಡ್ರಾತು ಅನ್ಕಂತ ಬರ್ತಿದ್ಲು.

ಆವಾಗ... ಟಣ್.

ಬಾವಿಕಟ್ಟಿ ಹಿಡ್ಕಂಡು ಬಗ್ಗಿದ್ಲು. ಕಗ್ಗತ್ತಲು. ಹಸಿ ಕಾಳಿನ ಮುಗ್ಗು ವಾಸನಿ.

"ಯಾರು?"

"ಒಳಗದೀನವ್ವ..."

ನಾನಾಗಿದ್ರ ಸೀರಿ ಎತ್ತಿ ಓಡ್ತಿದ್ದೆ, ಖರೇನ ಹೇಳ್ತೀನಿ. ಅಕಿಗೆ ಸಿಟ್ಟು ಬಂತಂತ! ತಾನು ಕೊಡಾಕ ಹೊಂಟಿದ್ದ ಹಳದಿ ಮ್ಯಾಲ ಸಿಟ್ಟು. ಬಗ್ಗಿ, ಕಿವ್ಯಾಗ ಹೇಳಿದಂಗ ಮೆಲ್ಲಕ ಅಂದ್ಲಂತ:

"ಪಕ್ಕೀರಪ್ಪಣ್ಣ, ನಿನ್ನ ತಮ್ಮನ್ನ ಪೈಪು ನಂಬಿ ಇಳಿಯಾಕ ಬಿಡಂಗಿಲ್ಲ."

ಸದ್ದು ನಿಂತು ಹೋತು.

ಬೆಳಗಾತು. ಅಕಿ ಏನು ಮಾಡಿದ್ಲು ಗೊತ್ತೇನು? ತನ್ನ ಮನಿ ಬಾಗಿಲ ಬೀಗ ಬಿಚ್ಕಂಡು ಹೋದ್ಲು. ಮನಿ ಬಾಗಿಲು ಬೀಗಿಲ್ದಂಗಾತು, ಆಗ್ಲಿ ಅಂದ್ಲು. ಮಾಲಕ ಬರೋಕಿನ್ನ ಮೊದ್ಲ ಗುಂಡಿಗೆ ಕೆಂಪು ಬರದ್ಲು. ಮೋಟ್ರಿನ ಸ್ವಿಚ್ಚು ಆರಿಸಿ, ಹಿಡಿಗೆ ಆ ಬೀಗ ಜಡಿದ್ಲು. ಪ್ರಬುದ್ಧನ ನಡಕ್ಕ ಹಗ್ಗ ಕಟ್ಟಿಸಿ, ಮ್ಯಾಲ ಇಬ್ಬರನ್ನ ನಿಲ್ಸಿ, ಕೀಲಿ ಅವನ ಕಿಸ್ಯಾಗ ಹಾಕಿದ್ಲು. ನೀನ ಹತ್ತಿ ಬಂದು, ನಿನ್ನ ಕೈಲೇ ತೆಗಿಬೇಕು ಅಂದ್ಲು. ಪ್ರಬುದ್ಧ ಒಂದು ಏಟು ಹೊಡೆದು ಇಳಿದ.

ಅಷ್ಟರಾಗ ಗಿರಾಕಿ ಬಂದ್ರು, ಹೇಳಿದ ಹೊತ್ತಿಗಿಂತ ಮೊದ್ಲ. ಗುರುಸಂಗಪ್ಪ ಅವಸರದಾಗ, ಮಿಲ್ಲು ಓಡಿಸಿ ತೋರಿಸ್ತೀನಿ ಬರ್ರಿ ಅಂತ, ಸೀದಾ ಬಂದು ತಾನ ಸ್ವಿಚ್ಚಿನ ಹಿಡಿ ಎಳೆದ.

ಖಟಕ್. ಹಿಡಿ ಮ್ಯಾಲೇಳ್ಲಿಲ್ಲ. ಮತ್ತ ಎಳೆದ. ಖಟಕ್.

"ಯಾರದಿದು ಬೀಗ? ತೆಗಿ."

"ಕೀಲಿ ನನ್ನತ್ರ ಇಲ್ರಿ ಸಾವ್ಕಾರ್ರ. ಗುಂಡ್ಯಾಗ ಐತಿ, ಪ್ರಬುದ್ಧನ ಕಿಸ್ಯಾಗ."

ಆ ಮನಷ್ಯಾ ತನ್ನ ಕೈ ನೋಡ್ಕಂಡ. ಅಲ್ಲೇ ಚೀಲದ ಮ್ಯಾಲ ಕುಂತ. ಪ್ರಬುದ್ಧ ಹತ್ತಿ ಬಂದು ಎರಡು ಏಟು ಹೊಡೆಯೋ ತನಕ ಹಂಗ ಕುಂತಿದ್ನಂತ.

ಅಕಿ ಕೆಲಸ ಹೋತೇನು ಅಂತ ಕೇಳಬ್ಯಾಡ್ರಿ. ಹೋಗ್ಲಿಲ್ಲ. ಮನಿಗೆ ಹೊಸಾ ಬೀಗ ತಂದಾಳ, ಹಳೇದು ಆ ಸ್ವಿಚ್ಚಿಗೇ ಐತಿ. ಗುಂಡಿ ಮ್ಯಾಲ ಈಗ ಕಬ್ಬಣದ ಜಾಳಿಗಿನೂ ಬಂದೈತಿ. ಬೂದುಗುಂಬಳಾನೂ ಒಡೀತಾರ, ಒಡೀಲಿ ಬಿಡ್ರಿ, ಅದಕ್ಕೇನು.

ಆದ್ರ ಅವತ್ತು ಸಂಜಿಕ ಅಕಿ ಮತ್ತ ಕರಿಬಾವಿ ಹತ್ರ ನಿಂತ್ಲು. "ನಿನ್ನ ತಮ್ಮ ಮ್ಯಾಲ ಬಂದ್ನಣ್ಣ" ಅಂದ್ಲು. ಬಾಳ ಹೊತ್ತು ಏನೂ ಇಲ್ಲ. ಇನ್ನೇನು ಹೊರಡಬೇಕು...

ಟಣ್. ಟಣ್.

ಮರುದಿನ ಮುಂಜಾನಿ ಅಕಿ ನನ್ನ ಕರ್ಕಂಡು ಹೋಗಿ ತೋರಿಸಿದ್ಲು. ಬಾವಿಗೆ ಒಗದಿದ್ದ ಆ ಹಳೇ ಪೈಪು ಬಾವಿಕಟ್ಟಿಗೆ ಒರಗಿ ನಿಂತಿತ್ತು. ಮೊದ್ಲ ಹೇಳೀನಿ, ಮೆಟ್ಲಿಲ್ಲ, ಹಗ್ಗಿಲ್ಲ. ನಾನ ಈ ಕೈಲೇ ಮುಟ್ಟೀನಿ. ಪೈಪಿನ ಬಾಯಿ ತುಂಬ ಹಸಿ ಮೆಕ್ಕಿಜೋಳ ಮೆತ್ಕಂಡಿತ್ತು.