ಖಾಲಿ ಕಟಕಟೆಗೆ ಕೂಗಿದ ಅಣ್ಣ

ವೇದಿಕೆಯ ಮೇಲಿರುವ ನ್ಯಾಯಾಧೀಶರಿಗೆ, ವಕೀಲರಿಗೆ, ನನ್ನ ಜೊತೆ ಕೆಲಸ ಮಾಡುವ ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿರುವ ಅತ್ತಿಗೆ, ಇಬ್ಬರು ಹೆಣ್ಣುಮಕ್ಕಳೇ — ನಿಮಗೆ ಏನು ಹೇಳಲಿ? ಕೈಮುಗಿಯುತ್ತೇನೆ, ಅಷ್ಟೇ.

ನಾನು ಕೋರ್ಟಿನ ದಾಖಲೆ ಕೋಣೆಯಲ್ಲಿ ಫೈಲು ಕಟ್ಟುವವಳು. ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದ್ದೇನೆ. ಮೈಕ್ ಹಿಡಿದು ಅಭ್ಯಾಸವಿಲ್ಲ. ಮಾತು ತಪ್ಪಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಸೋಮವಾರ ಹನ್ನೊಂದು ಗಂಟೆಗೆ ಅಣ್ಣ ಕೋರ್ಟಿನ ಬಾಗಿಲಲ್ಲಿ ನಿಂತು ಒಬ್ಬನ ಹೆಸರು ಕೂಗಿದರು. ಒಂದು ಸಲ. ಎರಡು ಸಲ. ಮೂರನೆಯದಕ್ಕೆ ಬಾಯಿ ತೆರೆದರು — ದನಿ ಬರಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ಹಾಗೆಯೇ ಕೆಳಗೆ ಜಾರಿದರು. ನಾನು ಎದುರಿಗೇ ಇದ್ದೆ. ನೀರು ತರಲು ಓಡಿ, ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಐದು ದಿನವಾಯಿತು. ಕೈಯಿಂದ ಆ ಲೋಟದ ತಂಪು ಇನ್ನೂ ಹೋಗಿಲ್ಲ.

ಇಪ್ಪತ್ತೊಂಬತ್ತು ವರ್ಷ ಅವರದು ಕೂಗುವ ಕೆಲಸ. ನಾವೆಲ್ಲ ಮೂರು ಕೂಗಿನಣ್ಣ ಎಂದೇ ಕರೆಯುತ್ತಿದ್ದೆವು. ಮನೆಯಲ್ಲೂ ಮಕ್ಕಳನ್ನು ಊಟಕ್ಕೆ ಮೂರು ಸಲ ಕೂಗುತ್ತಿದ್ದರಂತೆ. ಅತ್ತಿಗೆ ಬಯ್ಯುತ್ತಿದ್ದರು: "ಮೆಲ್ಲಗೆ ಕರೀರಿ. ಪಕ್ಕದ ಮನೆಯವರೂ ತಟ್ಟೆ ಹಿಡ್ಕೊಂಡು ಹಾಜರ್ ಆಗ್ತಾರೆ!"

ನಗಬಹುದು. ಅಣ್ಣ ಇದ್ದಿದ್ದರೆ ಮೊದಲು ಅವರೇ ನಗುತ್ತಿದ್ದರು.

ಆದರೆ ಅವರ ಜೇಬಿನಲ್ಲಿ ಒಂದು ನೋಟಿಸು ಸಿಕ್ಕಿತು. ಇಲ್ಲಿ ಕೂತಿರುವ ಎಷ್ಟೋ ಜನಕ್ಕೆ ಅದು ಗೊತ್ತು. 'ನಿಮ್ಮ ನಿರ್ಲಕ್ಷ್ಯದಿಂದ ಒಬ್ಬ ಮನುಷ್ಯ ಹತ್ತೊಂಬತ್ತು ದಿನ ಅನ್ಯಾಯವಾಗಿ ಜೈಲಿನಲ್ಲಿದ್ದ' ಎಂದು ಅದರಲ್ಲಿದೆ. 'ಪಾಪ, ಒಳ್ಳೆಯವರೇ, ಕೊನೆಗಾಲಕ್ಕೆ ಹೀಗೆ ಮಾಡಿಕೊಂಡರು' ಎಂದು ಮೊಗಸಾಲೆಯಲ್ಲಿ ಪಿಸುಗುಟ್ಟುವುದು ನನ್ನ ಕಿವಿಗೂ ಬಿದ್ದಿದೆ. ಅದಕ್ಕೇ ನಾನು ಎದ್ದು ಬಂದದ್ದು.

ಮೊದಲು ಪದ್ಧತಿ ಹೇಗಿತ್ತು? ಜೈಲಿನಿಂದ ಆರೋಪಿಯನ್ನು ಕರೆತರುತ್ತಿದ್ದರು. ಅವನು ಕಟಕಟೆಯಲ್ಲಿ ನಿಲ್ಲುತ್ತಿದ್ದ. ಸಾಹೇಬರು ಅವನ ಮುಖ ನೋಡಿ ಶಿಕ್ಷೆ ಹೇಳುತ್ತಿದ್ದರು. ಕರೆತಂದ ಪೇದೆಯೇ ಆದೇಶದ ಪ್ರತಿಯನ್ನು ಜೈಲಿಗೆ ಒಯ್ಯುತ್ತಿದ್ದ. ಎರಡು ವರ್ಷದಿಂದ ವ್ಯಾನಿಲ್ಲ, ಕಾವಲಿಗೆ ಜನವಿಲ್ಲ ಎಂದು ಕರೆತರುವುದನ್ನೇ ಬಿಟ್ಟರು; ಪ್ರತಿಯನ್ನು ನಮ್ಮಲ್ಲೇ ಕೈ ಖಾಲಿ ಇದ್ದವರು ಅಂಚೆಗೆ ಹಾಕಬೇಕಾಯಿತು. ಮನುಷ್ಯ ಅಲ್ಲಿ, ಶಿಕ್ಷೆ ಇಲ್ಲಿ.

ಅಣ್ಣ ಮಾತ್ರ ಕೂಗುವುದನ್ನು ಬಿಡಲಿಲ್ಲ. ಗುಮಾಸ್ತರು ಒಮ್ಮೆ ರೇಗಿದರು: "ಏನಯ್ಯಾ, ಇಲ್ಲಿಂದ ಕೂಗಿದ್ರೆ ಜೈಲಲ್ಲಿರೋನಿಗೆ ಕೇಳ್ಸುತ್ತಾ?"

ಅಣ್ಣ ಹೇಳಿದರು: "ಅವನಿಗೆ ಕೇಳ್ಸಲ್ಲ ಸಾರ್. ಅವನಿಲ್ಲ ಅನ್ನೋದು ನಮಗಾದ್ರೂ ಕೇಳ್ಸ್ಲಿ."

ಸಾಹೇಬರೇ, ಕ್ಷಮಿಸಿ, ಕಂಡದ್ದನ್ನೇ ಹೇಳುತ್ತೇನೆ. ಒಂದು ದಿನ ಅಭ್ಯಾಸಬಲದಿಂದ ನೀವು ಖಾಲಿ ಕಟಕಟೆಯ ಕಡೆ ತಿರುಗಿ, 'ನೀನು ಹೇಳುವುದೇನಾದರೂ ಇದೆಯೇ?' ಎಂದು ಕೇಳಿದಿರಿ. ಟೈಪಿಸ್ಟ್ ಬರೆದುಕೊಂಡರು — 'ಏನೂ ಹೇಳಲಿಲ್ಲ.'

ಅದೇ ದಿನದ ಪ್ರಕರಣ ಅದು, ನೋಟಿಸಿನಲ್ಲಿ ಹೇಳಿದ ಆ ಮನುಷ್ಯನದು; ಹೊಲಿಗೆ ಕೆಲಸದವನು. ಕದ್ದ ಬಟ್ಟೆ ಕೊಂಡ ಎಂಬ ಆರೋಪ. ಹದಿನೆಂಟು ತಿಂಗಳ ಶಿಕ್ಷೆಯಾಯಿತು. ವಿಚಾರಣೆ ಮುಗಿಯುವಷ್ಟರಲ್ಲೇ ಅವನು ಇಪ್ಪತ್ತು ತಿಂಗಳು ಒಳಗಿದ್ದ. 'ಇಂದೇ ಬಿಡತಕ್ಕದ್ದು' ಎಂದು ಆದೇಶ. ಆದರೆ ಆರೋಪಿ ಬಂದಿರಲಿಲ್ಲ, ಹಾಗಾಗಿ ಪೇದೆಯೂ ಬಂದಿರಲಿಲ್ಲ. ಜೈಲಿಗೆ ಹೋಗಬೇಕಾದ ಪ್ರತಿ ಫೈಲಿನಲ್ಲೇ ಉಳಿಯಿತು. ಮುಗಿದ ಪ್ರಕರಣಗಳ ಜೊತೆ ಅದೂ ದಾಖಲೆ ಕೋಣೆಗೆ ಬಂತು.

ಹತ್ತೊಂಬತ್ತು ದಿನ ಕಳೆದ ಮೇಲೆ ಅವನ ತಾಯಿ ಬಂದರು. ಅಣ್ಣನನ್ನು ಕೇಳಿದರು: "ನನ್ನ ಮಗನ ತೀರ್ಪು ಯಾವತ್ತಪ್ಪಾ?"

ಅಣ್ಣ ಅಲ್ಲಿ ಒಂದು ಗಳಿಗೆ ನಿಲ್ಲಲಿಲ್ಲ. ನೇರ ನನ್ನ ಕೋಣೆಗೆ ಬಂದರು. "ತಂಗೀ, ಆ ಕಟ್ಟು ಇಳ್ಸು." ಬಿಚ್ಚಿದೆ. ಕಾಗದ ಅಲ್ಲೇ ಇತ್ತು, ಮೊಹರು ಸಮೇತ. ಗುಮಾಸ್ತರ ಸಹಿ ಹಾಕಿಸಿಕೊಂಡು, ಆ ತಾಯಿಯನ್ನು ಕರೆದುಕೊಂಡು, ಎರಡು ಬಸ್ಸು ಬದಲಿಸಿ ಜೈಲಿಗೆ ಹೋದರು. 'ಕೈಯಲ್ಲಿ ತಂದದ್ದನ್ನು ತಗೊಳ್ಳಲ್ಲ' ಎಂದರಂತೆ ಅಲ್ಲಿ. ದೊಡ್ಡ ಅಧಿಕಾರಿ ಬರುವವರೆಗೆ ಬಾಗಿಲ ಮೆಟ್ಟಿಲು ಬಿಟ್ಟು ಏಳಲಿಲ್ಲ ಅಣ್ಣ. ಸಂಜೆ ಹೊಲಿಗೆಯವನು ಹೊರಗೆ ಬಂದ. ಬಂದವನು ಕೇಳಿದ್ದೇನು ಗೊತ್ತೇ?

"ನನಗೆ ಶಿಕ್ಷೆ ಆಯ್ತಾ? ಯಾವಾಗ? ಯಾರೂ ಹೇಳ್ಲೇ ಇಲ್ವಲ್ಲ!"

ಅವನೂ ಅವನ ತಾಯಿಯೂ ಅಗೋ, ಹಿಂದಿನ ಬೆಂಚಿನಲ್ಲಿ ಕೂತಿದ್ದಾರೆ.

ಮರುದಿನ ಆಫೀಸಿನಲ್ಲಿ ನಮ್ಮನ್ನೆಲ್ಲ ನಿಲ್ಲಿಸಿ ವಿಚಾರಿಸಿದರು: ಪ್ರತಿ ಯಾರ ಕೈಯಲ್ಲಿ ಉಳಿಯಿತು? ಅಣ್ಣ ಹೇಳಿದರು — "ನನ್ನ ಕೈಯಲ್ಲೇ ಸಾರ್. ಮರೆತೆ."

ಅದು ಸುಳ್ಳು.

ಮೂವತ್ತು ವರ್ಷದ ಹತ್ತಿರ ಸತ್ಯ ಬಿಟ್ಟು ಬೇರೆ ಹೇಳದವರು ಹೇಳಿದ ಒಂದೇ ಸುಳ್ಳು ಅದು. ತೀರ್ಪಿನ ದಿನ ಸಂಜೆ ಫೈಲು ಕಟ್ಟುವಾಗ ಆ ಪ್ರತಿ ನನ್ನ ಕಣ್ಣಿಗೆ ಬಿದ್ದಿತ್ತು. ಇನ್ನೊಂದು ಹೋಗಿರಬೇಕು ಎಂದುಕೊಂಡು ಒಳಗೆ ತುರುಕಿ ಗಂಟು ಹಾಕಿದೆ. ಮಂಡಿ ನೋವು, ಮನೆಗೆ ಹೋಗುವ ಆತುರ. ಅಣ್ಣ ಬಾಗಿಲಿಗೆ ಬಂದು ಕೇಳಿದ್ದರು ಕೂಡ — "ಆ ಹೊಲಿಗೆಯವನ ಕಾಗದ ಹೋಯ್ತೇನಮ್ಮಾ?" ನಾನು ತಲೆ ಎತ್ತದೆ ಹೇಳಿದೆ — "ಹೋಯ್ತಣ್ಣಾ."

ಆಫೀಸಿನಲ್ಲಿ ವಿಚಾರಿಸಿದ ದಿನ ನಾನೂ ಅಲ್ಲೇ ನಿಂತಿದ್ದೆ. ಬಾಯಿಗೆ ಬೀಗ ಬಿದ್ದಿತ್ತು. ಹೊರಗೆ ಬಂದ ಮೇಲೆ, "ಯಾಕಣ್ಣಾ ಹೀಗ್ ಮಾಡಿದ್ರಿ?" ಎಂದು ಅತ್ತುಬಿಟ್ಟೆ. "ನಿಂದಿನ್ನೂ ಹತ್ತು ವರ್ಷ ಕೆಲ್ಸ ಇದೆ. ನಂದು ಎರಡೇ ತಿಂಗ್ಳು. ಬೈದ್ರೆ ಎರಡು ತಿಂಗ್ಳು ಬೈತಾರೆ, ಬಿಡು ಮಾರಾಯ್ತಿ," ಎಂದು ನಕ್ಕರು. ಶನಿವಾರ ನೋಟಿಸು ಕೊಟ್ಟರು. ಸೋಮವಾರ — ಹೇಳಿದೆನಲ್ಲ.

ನಿನ್ನೆ ಆಫೀಸಿನಲ್ಲಿ ಕೇಳಿದೆ, ಆ ನೋಟಿಸು ಏನಾಗುತ್ತದೆ ಎಂದು. 'ಉತ್ತರ ಬರಲಿಲ್ಲವಲ್ಲ, ತಪ್ಪು ಒಪ್ಪಿದಂತೆ ಎಂದು ಬರೆದು ಮುಗಿಸುತ್ತೇವೆ' ಎಂದರು.

ಕೇಳಿದಿರಾ? ಅಣ್ಣನಿಗೂ ಅದೇ! ಅವರಿಲ್ಲದ ಕಡೆ, ಅವರ ಬಾಯಿಂದ ಒಂದು ಮಾತು ಕೇಳದೆ!

ಸಾಹೇಬರೇ, ಇದನ್ನು ತೆಗೆದುಕೊಳ್ಳಿ. ನಾನೇ ಬರೆದದ್ದು, ಕಾಗುಣಿತ ತಪ್ಪಿರಬಹುದು. ತಪ್ಪು ನನ್ನದು ಎಂದಿದೆ. ಕೆಳಗೆ ಸಹಿ ಹಾಕಿದ್ದೇನೆ. ಅಣ್ಣನ ಹೆಸರು ಹೊಡೆದುಹಾಕಿ, ನನ್ನದು ಬರೆಯಿರಿ. ದಯವಿಟ್ಟು ಜೈಲಿನಲ್ಲಿರುವವರನ್ನು ಕರೆಸಿ ಶಿಕ್ಷೆ ಹೇಳಿ. ಮೇಲಿರುವವನು ಕೂಡ ನಮ್ಮನ್ನು ಎದುರಿಗೆ ನಿಲ್ಲಿಸಿಕೊಂಡೇ ಲೆಕ್ಕ ಕೇಳುತ್ತಾನೆ ಎಂದು ನಾನು ನಂಬಿದ್ದೇನೆ.

ಅತ್ತಿಗೆ, ಆ ತಾಯೀ, ಹೊಲಿಗೆಯ ತಮ್ಮಾ — ಕ್ಷಮೆ ಕೇಳುವ ಮುಖ ನನಗಿಲ್ಲ. ಬಯ್ಯುವುದಿದ್ದರೆ ಬಯ್ಯಿರಿ. ನಾನು ಎಲ್ಲಿಗೂ ಹೋಗುವುದಿಲ್ಲ, ಈ ಮೆಟ್ಟಿಲ ಹತ್ತಿರವೇ ನಿಂತಿರುತ್ತೇನೆ. ಏನು ಹೇಳಬೇಕೋ ನನ್ನ ಮುಖ ನೋಡಿಯೇ ಹೇಳಿ.

ಆದರೆ ಅದು ಆಮೇಲೆ. ಈಗ ಎಲ್ಲರೂ ಎದ್ದು ನಿಲ್ಲಿ. ಅಣ್ಣನಿಗಾಗಿ ಎರಡು ನಿಮಿಷ — ಯಾರೂ ಮಾತಾಡುವುದು ಬೇಡ.