ಕರಿ ಜೋಡಿಯ ಬಿಳಿ ಮರಿ

ಅಲ್ಲೇ ನಿಂದ್ರು, ಬಾಳವ್ವ. ಹೊಸ್ತಿಲಾ ದಾಟಬ್ಯಾಡ. ಬಗಲಾಗ ಕೋಳಿ ಇಟ್ಕೊಂಡು ಯಾರರ ನಡುಮನಿಗೆ ಬರ್ತಾರೇನು? ಹತ್ತು ವರ್ಷ ಈ ಮನ್ಯಾಗ ದುಡದಾಕಿ, ಇಷ್ಟೂ ಕಲೀಲಿಲ್ಲ ನೀ!

ಹಾಂ, ಖರೇ. ನಾನೇ ಹೇಳೇನಿ. ಲಕ್ಷ್ಮೀಬಾಯಿ ಫೋನ್ ಮಾಡಿ ಕೇಳಿದ್ಲು, ‘ಬಾಳವ್ವನ್ನ ಕೆಲಸಕ್ಕ ಇಟ್ಕೋಬಹುದೇನ್ರಿ?’ ಅಂತ. ‘ಅಕಿ ಕೈ ಶುದ್ಧ ಇಲ್ರಿ’ ಅಂದೆ. ಅಂದದ್ದಕ್ಕ ಅಂಜಾಕಿ ನಾನಲ್ಲ. ವಕೀಲ ನೀಲಕಂಠಪ್ಪನವರ ಹೆಂಡತಿ ಒಂದು ಮಾತು ಅಂದ್ರ ಈ ನವನಗರದಾಗ ಅದು ಬರದಿಟ್ಟಂಗ. ಅಕಿ ನಿನ್ನ ಬಾಗಲದಾಗಿಂದ ಹೊಳ್ಳಿ ಕಳಿಸಿದ್ಲು ಅಂದ್ರ ನಾ ಏನು ಮಾಡ್ಲಿ? ...ಹಂಗ್ಯಾಕ ನೋಡ್ತಿ? ಮಾತಾಡಾಕ ಬಂದೀಯೋ, ಸುಮ್ಮನ ನಿಂದ್ರಾಕ ಬಂದೀಯೋ?

ಆತು. ನೀ ಮಾತಾಡಂಗಿಲ್ಲ ಅಂದ್ರ ನಾನೇ ಮಾತಾಡ್ತೇನಿ.

ಎರಡು ಸಾವಿರನೇ ಇಸವಿ ಬಂತು, ಆದ್ರೂ ಲಿಂಗವಂತರ ಮನ್ಯಾಗ ಕೋಳಿ ಅಂತ ಓಣಿಗೆ ಓಣಿನೇ ನಕ್ಕಿತ್ತು. ನಗಲಿ! ತಿನ್ನಾಕ ಸಾಕೇನೇನು ನಾನು? ಮೈತುಂಬ ಗರಿ ಅಲ್ಲ, ರೇಷ್ಮಿ ಕೂದಲ. ತಲಿ ಮ್ಯಾಲೆ ಉಣ್ಣಿ ಚಂಡಿನಂಥಾ ತುರಾಯಿ. ಕಣ್ಣಿಗೆ ಚೆಂದ ಅಂತ ಸಾಕಿದೆ. ಕಮರಿಪ್ಯಾಟ್ಯಾಗ ಕೋಳಿ ಮಾರೋ ಬಂದೇನವಾಜನ ಕಡಿಂದ ಜೋಡಿ ತಂದೆ. ಹುಂಜ ಕರಿ, ಕೋಳಿ ಕರಿ, ಎರಡೂ ಇದ್ದಲಿ ಹಂಗ ಕರಿ! ಮರಿ ಅಷ್ಟೂ ಕರಿನೇ ಆಗ್ತಾವ ನೋಡ್ರಿ ಅಂತ ಎಲ್ಲಾರ ಮುಂದ ಹೇಳಿದ್ದೆ. ಮೊದಲನೇ ಸಲ ಕಾವಿಗೆ ಇಟ್ಟಾಗ ಏನಾತು? ಇಪ್ಪತ್ತೊಂದನೇ ದಿನ ಏಳು ಕರಿ, ಒಂದು ಬಿಳಿ! ಬೆಣ್ಣಿ ಮುದ್ದಿಯಂಥಾ ಬಿಳಿ! ಎಲ್ಲಾರೂ ಬಂದು ನೋಡಿ ನಕ್ಕು ಹೋದ್ರು. ಗೂಡಿನ ಕೀಲಿ ಯಾರ ಕೈಯಾಗಿತ್ತು? ನಿನ್ನ ಕೈಯಾಗ. ಮನಿತುಂಬ ಜವಾರಿ ಕೋಳಿ ಸಾಕಿದಾಕಿ ಯಾರು? ನೀನು. ನನ್ನ ತತ್ತಿ ಮಾರಿ, ನಿನ್ನ ಜವಾರಿ ಕೋಳಿ ತತ್ತಿ ಇಟ್ಟೀ ಅಂದೆ, ಕೆಲಸ ಬಿಡಿಸಿದೆ. ಅಂದದ್ದು ತಪ್ಪೇನು?

...ಯಾಕ ನಗ್ತಿ?

ಏನದು? ಅದರ ಕಾಲು ಯಾಕ ಎತ್ತಿ ತೋರಸ್ತಿ? ಬೆರಳಾ? ಎಣಸಬೇಕೇನು ನಾನು? ಒಂದು, ಎರಡು... ಹೂಂ. ಐದು, ನನ್ನ ಜೋಡಿಗೆ ಇದ್ದಂಗ. ಜವಾರಿ ಕೋಳಿಗೆ ನಾಕೇ ಅಂತ ನೀ ನನಗ ಕಲಸಬ್ಯಾಡ. ಕೂದಲನೂ ರೇಷ್ಮಿ, ಒಳಗ ಚರ್ಮಾನೂ ಕಪ್ಪು. ಕಾಣ್ತೈತಿ, ನನ್ನ ಕಣ್ಣೇನು ಹೋಗಿಲ್ಲ. ಅವತ್ತು ನಾ ಅದನ್ನ ಮುಟ್ಟಿ ನೋಡಲಿಲ್ಲ. ಬಣ್ಣ ಕಂಡಕೂಡ್ಲೇ ‘ತಗೊಂಡು ಹೋಗು, ಕಣ್ಣ ಮುಂದ ಇಡಬ್ಯಾಡ’ ಅಂದೆ. ಅದನ್ನ ಸೆರಗಿನ್ಯಾಗ ಹಾಕ್ಕೊಂಡು ಹೋದಾಕಿ, ಐದು ತಿಂಗಳು ಸಾಕಿ ಇವತ್ತ ನನ್ನ ಮಾರಿ ಮುಂದ ಹಿಡದಿ!

ಜವಾರಿ ಅಲ್ಲ ಅಂದಕೂಡ್ಲೇ ನೀ ಸಾಚಾ ಆಗ್ತೀಯೇನು? ಬಂದೇನವಾಜನ ಹಂತೇಕ ಬಿಳಿ ಜೋಡೀನೂ ಇತ್ತು. ಅಲ್ಲಿಂದ ತತ್ತಿ ತಂದಿಟ್ಟಿರಬೇಕು. ...ಯಾಕ? ಯಾಕ ಅಂದ್ರ ನನಗೇನು ಗೊತ್ತು! ನನ್ನ ಹೆಸರು ಕೆಡಸಾಕ!

ಆ ಬಂದೇನವಾಜ ಬ್ಯಾರೇನೇ ಒಂದು ಕಥಿ ಹೇಳ್ತಾನ. ಮ್ಯಾಲೆ ಎರಡೂ ಕರಿ ಇದ್ರೂ ಒಳಗ ಬಿಳಿ ಬಚ್ಚಿಟ್ಕೊಂಡಿರ್ತಾವಂತ. ತಂದಿ ಕಡಿಂದ ಬಿಳಿ, ತಾಯಿ ಕಡಿಂದನೂ ಬಿಳಿ ಬಂತಂದ್ರ ಆ ಮರಿ ಬಿಳಿ. ನಾಕರಾಗ ಒಂದು ಹಂಗ ಆಗೋದು ಇದ್ದದ್ದೇ ಅಂತ. ಸಾಲಿ ಕಟ್ಟಿ ಹತ್ತಲಾರದಾಂವ ನನಗ ಹೇಳಾಕ ಬರ್ತಾನ! ಕಾನ್ವೆಂಟಿನ್ಯಾಗ ಬಟಾಣಿ ಬಳ್ಳಿ ಪಾಠಕ್ಕ ಇಡೀ ಕ್ಲಾಸಿಗೆ ನಾನೇ ಫಸ್ಟ್. ಈಗೂ ಬಾಯಿಪಾಠ ಐತಿ. ಎರಡು ಎತ್ತರದ ಬಳ್ಳಿ ಕೂಡಿಸಿದ್ರೂ ನಾಕರಾಗ ಒಂದು ಗಿಡ್ಡ...

ಅದು ಬಟಾಣಿ. ಇದು ಕೋಳಿ.

ಏನು? ನೀ ಹೋದಮ್ಯಾಲೆ ಮತ್ತ ಕಾವಿಗೆ ಇಟ್ಟೆನೇನು ಅಂತ ಕಣ್ಣಿಲೇ ಕೇಳ್ತೀಯೇನು? ಇಲ್ಲ. ಆಮ್ಯಾಲೆ ನಾ ಕಾವಿಗೆ ಇಟ್ಟೇ ಇಲ್ಲ. ಮನಸ್ಸೇ ಆಗಲಿಲ್ಲ. ...ಆ ಕಡೆ ಯಾಕ ನೋಡ್ತಿ? ಅದು ಸ್ಟೋರ್ ರೂಮು. ಹಳೇ ಭಾಂಡಿ, ಗೋಣಿಚೀಲ. ಕೀಲಿ ಯಾಕ ಹಾಕೇನಿ ಅಂದ್ರ... ನನ್ನ ಮನಿ, ನನ್ನ ಕೀಲಿ! ನಿನ್ನ ಕೇಳಿ ಹಾಕಬೇಕೇನು?

ಮಾತಾಡು ಬಾಳವ್ವ. ಬೈಯರ ಬೈ. ದಿನಾ ಮುಂಜಾನೆ ಭಾಂಡಿ ತಿಕ್ಕೋಮುಂದ ಓಣಿ ಸುದ್ದಿ ಅಷ್ಟೂ ವಟವಟ ಅಂತಿದ್ದಿ. ಇವತ್ತ ಏನಾಗೇತಿ ನಿನಗ? ಏನರ ಒಂದು ಅನ್ನು! ನೀ ಹಿಂಗ ಸುಮ್ಮನ ನಿಂತ್ರ... ಸುಮ್ಮನ ನಿಂತ್ರ ಎಲ್ಲಾ ಕೇಳತೈತಿ.

ಗುಬ್ಬಿ ಅದು. ಗುಬ್ಬಿ! ಕಿಡಕ್ಯಾಗ ಗೂಡು ಕಟ್ಟ್ಯಾವು...

ಹೂಂ. ಗುಬ್ಬಿ ಯಾವುದು, ಕೋಳಿಮರಿ ಯಾವುದು ನಿನಗ ತಿಳಿಯಂಗಿಲ್ಲೇನು. ನಿನ್ನ ಬಗಲಾಗಿಂದಕ್ಕೂ ತಿಳದೈತಿ, ಕುತ್ತಿಗಿ ಹೊಳ್ಳಿಸಿ ಅಲ್ಲೇ ನೋಡಾಕತ್ತೈತಿ.

ಎಂಟು ತತ್ತಿ ಇಟ್ಟಿದ್ದೆ. ಒಂದೊಂದರ ಮ್ಯಾಲೂ ಪೆನ್ಸಿಲ್‌ಲೇ ನನ್ನ ಸಹಿ. ಇಪ್ಪತ್ತೊಂದು ದಿನಾನೂ ಕೀಲಿ ನನ್ನ ನಡದಾಗ, ಮನಿಯವರ ಕೈಯಾಗೂ ಕೊಡಲಿಲ್ಲ. ನಿನ್ನ ಕಳ್ಳತನ ರುಜುವಾತು ಮಾಡೋದಿತ್ತಲ್ಲ ನನಗ! ಹ್ವಾದ ಮಂಗಳವಾರ ಒಡದು ಮರಿ ಹೊರಗ ಬಂದ್ವು. ಆರು ಕರಿ...

ನೀ ಅನ್ನಬ್ಯಾಡ. ನಾನೇ ಅಂತೇನಿ. ಎರಡು ಬಿಳಿ.

ಅಳಬ್ಯಾಡ. ಅಳೋದು ನನಗ ಸೇರಂಗಿಲ್ಲ ಅಂತ ಗೊತ್ತಿಲ್ಲೇನು ನಿನಗ? ಲಕ್ಷ್ಮೀಬಾಯಿ ಈಗ ಮನ್ಯಾಗ ಇರ್ತಾಳೇನು? ಇರ್ತಾಳ, ಈ ಹೊತ್ತಿನ್ಯಾಗ ಕಟ್ಟಿ ಮ್ಯಾಲೆ ಕುಂತು ಅಕ್ಕಿ ಆರಸ್ತಾಳ. ಓಣಿ ಹೆಂಗಸರೆಲ್ಲಾ ಅಲ್ಲೇ ಇರ್ತಾರ. ಇರ್ಲಿ. ಯಾರಿಗೂ ಅಂಜಾಕಿ ನಾನಲ್ಲ ಅಂದೇನಲ್ಲ?

ನಡಿ. ಆ ಕೋಳಿ ಇತ್ತಾಗ ಕೊಡು. ನೀ ಅಲ್ಲ, ನಾನೇ ಹಿಡ್ಕೊಂಡು ಹೋಗ್ತೇನಿ ಅವರ ಮುಂದ.

...ಹೆಂಗ ಹಿಡೀಬೇಕು ಅನ್ನೋದಷ್ಟು ತೋರಸು.